ಮಾರುವವರ ಇಂಗ್ಲಿಷು

ದಾವಣಗೆರೆಯು ಕೋಟೆಯಿಂದಲೋ ರಾಜಧಾನಿಯ ವೈಭವದಿಂದಲೋ ಹೆಸರಾದ ಪಟ್ಟಣವಲ್ಲ; ಕ್ರಯವಿಕ್ರಯಗಳಿಂದಲೇ ಬೆಳೆದು ದೊಡ್ಡದಾದ ಪಟ್ಟಣ. ಹೈದರಾಲಿಯು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಇದನ್ನು ಜಹಗೀರಾಗಿ ಕೊಟ್ಟಾಗ ಯಾರ ಗಮನಕ್ಕೂ ಬಾರದ ಹಳ್ಳಿಯಾಗಿದ್ದ ಈ ಊರು, ಆ ಸರದಾರನು ವರ್ತಕರನ್ನು ಕರೆದು ನೆಲೆಯೂರುವಂತೆ ಪ್ರೋತ್ಸಾಹಿಸಿದ ತರುವಾಯ ಪೇಟೆಯ ಸ್ವರೂಪವನ್ನು ತಾಳಿತೆಂದು ಮೈಸೂರು ಸಂಸ್ಥಾನದ ಹಳೆಯ ಗ್ಯಾಸೆಟಿಯರು ತಿಳಿಸುತ್ತದೆ. ಸಾಗರ, ನಗರಗಳ ಕಡೆಯ ಅಡಕೆ ಮೆಣಸುಗಳು ಇಲ್ಲಿಯ ವರ್ತಕರ ಕೈಯಿಂದ ದೂರದ ವಾಲಾಜಾಪೇಟೆಗೆ ಹೋಗುತ್ತಿದ್ದುವು; ಯೂರೋಪಿನಿಂದಲೂ ಚೀನಾದಿಂದಲೂ ಮದರಾಸಿಗೆ ಬಂದಿಳಿದ ಸರಕುಗಳೂ, ಮದರಾಸಿನ ಉಪ್ಪೂ ಅದೇ ಹಾದಿಯಲ್ಲಿ ಹಿಂದಿರುಗಿ ಬರುತ್ತಿದ್ದುವು. ಪರಭಾಷೆಯ ಗಿರಾಕಿಯನ್ನು ಕಂಡು ಕಂಗೆಡದಿರುವುದು ಈ ಊರಿನ ವ್ಯಾಪಾರಿಗೆ ಇಂದು ನಿನ್ನೆ ಬಂದ ವಿದ್ಯೆಯಲ್ಲವೆಂಬುದನ್ನು ಇದರಿಂದ ಊಹಿಸಬಹುದು.

ಆ ವಿದ್ಯೆಯ ಇಂದಿನ ರೂಪವನ್ನು ಕಾಣಬೇಕೆಂಬ ಅಪೇಕ್ಷೆಯಿಂದ ನಾನು ದಾವಣಗೆರೆಗೆ ಹೊರಟೆನು. ಇಂಗ್ಲಿಷು ಮಾತನಾಡಲು ಕಲಿಸುವ ಯಾವ ಪುಸ್ತಕವನ್ನು ತೆರೆದರೂ, ಹೆಸರು ಊರು ಹೇಳಿಕೊಳ್ಳುವ ಪಾಠವು ಮುಗಿದ ಮೇಲೆ, ರೈಲು ನಿಲ್ದಾಣದ ಪಾಠಕ್ಕೂ ವೈದ್ಯರನ್ನು ಕಾಣುವ ಪಾಠಕ್ಕೂ ನಡುವೆ, ಅಂಗಡಿಯಲ್ಲಿ ನಡೆಯುವ ಸಂಭಾಷಣೆಯೊಂದು ಇದ್ದೇ ಇರುತ್ತದೆ. ಬೆಲೆ ಕೇಳುವುದು, ಅಳತೆ ಕೇಳುವುದು, ಬೇರೆ ಬಣ್ಣವಿದೆಯೇ ಎಂದು ವಿಚಾರಿಸುವುದು, ಚಿಲ್ಲರೆಯನ್ನು ಪಡೆದು ವಂದನೆ ಹೇಳಿ ಹೊರಡುವುದು: ಇಷ್ಟೇ ಅದರ ಕಥೆ. ಈ ಪಾಠವನ್ನು ವ್ಯಾಪಾರವೇ ಜೀವಿಕೆಯಾದ ಊರಿನಲ್ಲಿ ಹೇಗೆ ಕಲಿಸುತ್ತಾರೆ, ಯಾರು ಕಲಿಯುತ್ತಾರೆ ಎಂಬುದು ನನ್ನ ಕುತೂಹಲದ ವಿಷಯವಾಗಿತ್ತು.

ರೈಲಿಳಿದು ಗಾಂಧಿ ವೃತ್ತ, ಅಶೋಕ ರಸ್ತೆಗಳನ್ನು ದಾಟಿ ಮಂಡಿಪೇಟೆ ಚೌಕಿಪೇಟೆಗಳ ಕಡೆಗೆ ನಡೆದರೆ ಇಂಗ್ಲಿಷು ಈ ಊರಿಗೆ ಹೊರಗಿನಿಂದ ಇನ್ನು ಬರಬೇಕಾದ ಅತಿಥಿಯಲ್ಲವೆಂಬುದು ಹೆಜ್ಜೆಹೆಜ್ಜೆಗೂ ವೇದ್ಯವಾಗುತ್ತದೆ. “ಬರ್ರಿ ಅಕ್ಕಾರೆ, ಹೊಸಾ ಸ್ಟಾಕ್ ಬಂದೈತಿ, ನೋಡ್ರಿ” ಎಂದು ಒಬ್ಬನು ಕರೆಯುತ್ತಾನೆ. “ಲಾಸ್ಟ್ ರೇಟ್ ಹೇಳಣ್ಣ” ಎಂದು ಹೊಲದ ಕೆಲಸವನ್ನು ಬಿಟ್ಟು ಸಂತೆಗೆ ಬಂದ ತಾಯಿಯೊಬ್ಬಳು ಕೇಳುತ್ತಾಳೆ. ಸೈಜು, ಕ್ವಾಲಿಟಿ, ಗ್ಯಾರಂಟಿ, ಹೋಲ್‌ಸೇಲು, ಡಜನು, ಬಿಲ್ಲು, ಬ್ಯಾಲೆನ್ಸು ಮುಂತಾದ ನೂರಾರು ಶಬ್ದಗಳು ಶಾಲೆಯ ಮೆಟ್ಟಿಲನ್ನು ಹತ್ತದವರ ನಾಲಗೆಯಲ್ಲಿಯೂ ಮನೆಯ ಮಾತಿನಂತೆ ಸಲೀಸಾಗಿ ಹೊರಳುತ್ತವೆ. ಮಂಡಕ್ಕಿ ಮಿರ್ಚಿಯ ಊರಾದ, ಬೆಣ್ಣೆ ದೋಸೆಯ ಊರಾದ ಇಲ್ಲಿ ಹೋಟೆಲಿನ ಫಲಕದಲ್ಲಿ ‘ಓಪನ್ ದೋಸೆ’ ಎಂಬುದು ಖಾಲಿ ದೋಸೆಯ ಪಕ್ಕದಲ್ಲಿ ಯಾವ ಸಂಕೋಚವೂ ಇಲ್ಲದೆ ಕುಳಿತಿರುತ್ತದೆ. 1930ರ ದಶಕದ ಕೊನೆಯಿಂದ ಒಂದರ ಹಿಂದೊಂದರಂತೆ ಎದ್ದು ನಿಂತು ಈ ಪಟ್ಟಣಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದನ್ನು ತಂದ ಹತ್ತಿ ಗಿರಣಿಗಳು ಶಿಫ್ಟು, ಬೋನಸ್ಸು, ಓವರ್‌ಟೈಮುಗಳನ್ನು ಕಾರ್ಮಿಕರ ಕೇರಿಗಳಿಗೆ ಕಲಿಸಿದ್ದುವು. ಆ ಗಿರಣಿಗಳ ಸದ್ದು ಅಡಗಿದ ಮೇಲೂ ಶಬ್ದಗಳು ಉಳಿದುಕೊಂಡಿವೆ. ಪದಗಳ ಬಡತನವೆಂಬುದು ಇಲ್ಲಿಯ ಜನರಿಗಿಲ್ಲ. ಇಲ್ಲದಿರುವುದು ಆ ಪದಗಳನ್ನು ಒಂದು ವಾಕ್ಯವಾಗಿ ಪೋಣಿಸಿ ಅಪರಿಚಿತನ ಮುಖವನ್ನು ನೋಡಿ ಆಡುವ ಧೈರ್ಯ.

ಸಂಜೆಯ ಹೊತ್ತು ವಿದ್ಯಾನಗರದ ಕಡೆಯ ಒಂದು ಮನೆಯ ಮಹಡಿಯಲ್ಲಿ ನಡೆಯುತ್ತಿದ್ದ ಪಾಠಕ್ಕೆ ಸ್ನೇಹಿತರೊಬ್ಬರು ನನ್ನನ್ನು ಕರೆದೊಯ್ದರು. ಕಲಿಸುವವರು ನಡುವಯಸ್ಸಿನ ಒಬ್ಬ ಉಪಾಧ್ಯಾಯಿನಿ. ಕಲಿಯಲು ಬಂದಿದ್ದವರಲ್ಲಿ ಸೀರೆಯ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರು, ಔಷಧದ ಅಂಗಡಿಯ ಒಬ್ಬ ತರುಣ, ಮೊಬೈಲು ಮಾರುವ ಇಬ್ಬರು, ಮಕ್ಕಳ ಶಾಲೆಯ ಚೀಟಿಗಳನ್ನು ತಾವೇ ಓದಿಕೊಳ್ಳಬೇಕೆಂಬ ಹಟದಿಂದ ಬಂದಿದ್ದ ಗೃಹಿಣಿಯರು ಇದ್ದರು. ಅಂದಿನ ಪಾಠವು ಪುಸ್ತಕದ ಅದೇ ಅಂಗಡಿಯ ಸಂಭಾಷಣೆ. ಪುಸ್ತಕದ ಗ್ರಾಹಕನು ಅಂಗಿಯೊಂದನ್ನು ಕೇಳಿದನು, ತೊಟ್ಟು ನೋಡಬಹುದೇ ಎಂದನು, ಒಪ್ಪಿದನು, ಹಣ ಕೊಟ್ಟನು. ಹುಡುಗಿಯರು ಆ ವಾಕ್ಯಗಳನ್ನು ಗಟ್ಟಿಯಾಗಿ ಓದಿದರು. ಉಚ್ಚಾರಣೆಯೂ ಹದವಾಗಿಯೇ ಇತ್ತು. ಆದರೆ ಅವರ ಮುಖದಲ್ಲಿ ಯಾವ ಆಸಕ್ತಿಯೂ ಕಾಣಲಿಲ್ಲ.

ಅದಕ್ಕೆ ಕಾರಣವು ಸ್ವಲ್ಪ ಹೊತ್ತಿನಲ್ಲಿಯೇ ಹೊಳೆಯಿತು. ಪುಸ್ತಕವನ್ನು ಬರೆದವರು ಕಲಿಯುವವನು ಯಾವಾಗಲೂ ಕೊಳ್ಳುವವನೆಂದು ತಿಳಿದು ಬರೆದಿದ್ದಾರೆ. ಅನ್ಯದೇಶಕ್ಕೆ ಪ್ರವಾಸ ಹೋದವನು, ಕೈಯಲ್ಲಿ ಹಣವುಳ್ಳವನು, ಬೇಕಾದುದನ್ನು ಕೇಳಿ ಬೇಡವಾದುದನ್ನು ಬಿಟ್ಟು ನಡೆಯುವ ಸ್ವಾತಂತ್ರ್ಯವುಳ್ಳವನು ಆ ಪಾಠದ ನಾಯಕ. ಮಾರುವವನಿಗೆ ಅಲ್ಲಿ ಒಂದೆರಡು ತುಂಡು ಮಾತುಗಳಲ್ಲದೆ ಹೆಚ್ಚಿಗೆ ಏನೂ ಇಲ್ಲ. ದಾವಣಗೆರೆಯ ಆ ಮಹಡಿಯ ಮೇಲೆ ಕುಳಿತಿದ್ದವರಲ್ಲಿ ಬಹುಮಂದಿ ಗಲ್ಲಾಪೆಟ್ಟಿಗೆಯ ಆಚೆ ಬದಿಯಲ್ಲಿ ದಿನವಿಡೀ ನಿಂತು ದುಡಿಯುವವರು. ಅವರಿಗೆ ಬೇಕಾದ ಮಾತು ಕೇಳುವವರ ಮಾತಲ್ಲ. ಬರಮಾಡಿಕೊಳ್ಳುವವರ, ವರ್ಣಿಸುವವರ, ಮನವೊಲಿಸುವವರ, ನೋಯಿಸದಂತೆ ಇಲ್ಲವೆನ್ನುವವರ ಮಾತು. ಒಂದು ಭಾಷೆಯಲ್ಲಿ ಬೆಲೆ ಕೇಳಲು ಮೂರು ಶಬ್ದ ಸಾಕು. ಬೆಲೆಯನ್ನು ಸಮರ್ಥಿಸಲು ಆ ಭಾಷೆಯ ವ್ಯಾಕರಣವೆಲ್ಲವೂ ಬೇಕಾಗುತ್ತದೆ.

ಉಪಾಧ್ಯಾಯಿನಿಯವರು ವಿವೇಕಿಗಳು. ಪುಸ್ತಕವನ್ನು ಮುಚ್ಚಿಟ್ಟು ಮುಂದಿನ ಸಾಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿ, “ಈಗ ನಾನು ಗಿರಾಕಿ. ನಿಮ್ಮ ಅಂಗಡಿ ಒಳಗೆ ಬಂದೆ. ಮೊದಲು ಏನಂತೀಯಮ್ಮ? ಕನ್ನಡದಾಗೇ ಹೇಳು” ಎಂದರು. ಅದುವರೆಗೆ ತಲೆ ತಗ್ಗಿಸಿದ್ದ ಆ ಹುಡುಗಿಯ ಕಂಠವೇ ಬೇರೆಯಾಯಿತು. “ಬರ್ರಿ ಅಕ್ಕಾರೆ, ಕೂಡ್ರಿ, ಮೊದಲು ನೀರು ಕುಡೀರಿ. ಮನೀಗೆ ಉಡಾಕೋ, ಮದುವೀಗೋ?” ಎಂದು ಆರಂಭಿಸಿ, ಇಳಕಲ್ಲಿನ ಸೆರಗಿನ ವಿಚಾರವನ್ನೂ, ಅಂಚಿನ ಜರಿಯ ವಿಚಾರವನ್ನೂ, ಈ ಬಣ್ಣವು ಯಾವ ಮೈಬಣ್ಣಕ್ಕೆ ಒಪ್ಪುತ್ತದೆಂಬುದನ್ನೂ, ಇದಕ್ಕಿಂತ ಕಡಮೆ ಬೆಲೆಯದು ಬೇಕಾದರೆ ಎಂಥದನ್ನು ತೆಗೆದುಕೊಳ್ಳಬಹುದೆಂಬುದನ್ನೂ ಎಡೆಬಿಡದೆ ಹೇಳಿದಳು. ಬಣ್ಣ ಬಿಡುತ್ತದೆಯೇ ಎಂಬ ಪ್ರಶ್ನೆಗೆ, “ಬಿಡಲ್ಲ ಅಕ್ಕಾರೆ, ಮೊದಲ್ನೇ ಸಲ ಮಾತ್ರ ಬ್ಯಾರೆ ಒಗೀರಿ” ಎಂದು ಸತ್ಯವನ್ನೂ ವ್ಯಾಪಾರವನ್ನೂ ಒಟ್ಟಿಗೆ ಉಳಿಸಿಕೊಂಡ ಉತ್ತರವನ್ನು ಕೊಟ್ಟಳು. ಇಷ್ಟು ವಾಗ್ಮಿತೆಯುಳ್ಳ ಮಗುವನ್ನು ಭಾಷೆ ಬಾರದವಳೆಂದು ನಾವು ಕೂರಿಸಿದ್ದೆವಲ್ಲ ಎಂದು ನನಗೆ ಮನಸ್ಸು ಕಲಕಿತು.

ಆ ಮೇಲೆ ಅವಳ ಮಾತನ್ನೇ ತುಂಡುತುಂಡಾಗಿ ತೆಗೆದುಕೊಂಡು ಇಂಗ್ಲಿಷಿಗೆ ತರುವ ಕೆಲಸ ನಡೆಯಿತು. ‘ದಿ ಕಲರ್ ವಿಲ್ ನಾಟ್ ರನ್, ಮೇಡಂ, ಬಟ್ ಪ್ಲೀಸ್ ವಾಷ್ ಇಟ್ ಸೆಪರೇಟ್ಲಿ ದ ಫಸ್ಟ್ ಟೈಮ್’ ಎಂಬ ವಾಕ್ಯವು ಕರಿಹಲಗೆಯ ಮೇಲೆ ಸಿದ್ಧವಾದಾಗ ಸೀರೆಯ ಅಂಗಡಿಯವರೆಲ್ಲರೂ ಬರೆದುಕೊಂಡರು, ಅದು ಅವರಿಗೆ ನಾಳೆ ಬೆಳಗ್ಗೆಯೇ ಬೇಕಾದ ವಾಕ್ಯ. ಕನ್ನಡದ ಕ್ರಿಯಾಪದದ ತುದಿಯಲ್ಲಿ ‘ರಿ’ಯಾಗಿ ನಿಂತಿರುವ ಗೌರವವು ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೇ ಬಂದು, ‘ವುಡ್ ಯು ಲೈಕ್ ಟು ಸೀ’ ಎಂದೋ ‘ಮೇ ಐ ಷೋ ಯು’ ಎಂದೋ ರೂಪ ತಾಳುತ್ತದೆಂಬುದನ್ನು ಅವರು ಬಹು ಬೇಗ ಗ್ರಹಿಸಿದರು. ಏಕೆಂದರೆ ಗಿರಾಕಿಗೆ ಮರ್ಯಾದೆ ಕಡಮೆಯಾದರೆ ಏನಾಗುತ್ತದೆಂಬುದು ಅವರಿಗೆ ಯಾವ ವೈಯಾಕರಣನಿಗಿಂತಲೂ ಚೆನ್ನಾಗಿ ಗೊತ್ತು.

ಇವರಿಗೆ ಇಂಗ್ಲಿಷಿನ ಅಗತ್ಯವಾದರೂ ಏನು, ಊರಿನ ಗಿರಾಕಿಗಳೆಲ್ಲ ಕನ್ನಡಿಗರಲ್ಲವೇ ಎಂದು ಕೇಳುವವರುಂಟು. 1951ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಆರಂಭವಾದುದರಿಂದ ಮೊದಲುಗೊಂಡು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆಯು ಸ್ಥಾಪಿತವಾಗಿ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ತೆರೆದು, 2009ರಲ್ಲಿ ವಿಶ್ವವಿದ್ಯಾನಿಲಯವೇ ಬಂದು ನೆಲೆಸುವವರೆಗೆ, ದಾವಣಗೆರೆಯು ಗಿರಣಿಗಳ ಊರೆಂಬ ಹೆಸರಿನಿಂದ ವಿದ್ಯಾಲಯಗಳ ಊರೆಂಬ ಹೆಸರಿಗೆ ಮೆಲ್ಲಮೆಲ್ಲನೆ ಸರಿದಿದೆ. ದೂರದೂರದ ಪ್ರಾಂತಗಳಿಂದ ಓದಲು ಬಂದ ಮಕ್ಕಳು ಔಷಧಕ್ಕೂ ಬಟ್ಟೆಗೂ ಹಾಸಿಗೆಗೂ ಇಲ್ಲಿಯ ಅಂಗಡಿಗಳನ್ನೇ ಹೊಗಬೇಕು. ಅವರೊಡನೆ ಅಷ್ಟಿಷ್ಟು ಹಿಂದಿಯಲ್ಲಿ ವ್ಯವಹರಿಸುವುದೂ ಉಂಟು, ಕೆಲವರು ಕನ್ನಡವನ್ನು ಕಲಿತು ಊರಿನವರೇ ಆಗುವುದೂ ಉಂಟು. ಆದರೂ ಔಷಧದ ಅಂಗಡಿಯ ಆ ತರುಣನು, ಯಾವ ಗುಳಿಗೆಯನ್ನು ಊಟಕ್ಕೆ ಮೊದಲು, ಯಾವುದನ್ನು ಊಟವಾದ ಮೇಲೆ ಎಂಬುದನ್ನು ಕೈಸನ್ನೆಯಿಂದ ತಿಳಿಸಲು ತನಗೆ ಭಯವಾಗುತ್ತದೆಂದು ಹೇಳಿದಾಗ ಆ ಅಗತ್ಯದ ವಿಷಯದಲ್ಲಿ ನನಗೆ ಸಂಶಯವುಳಿಯಲಿಲ್ಲ.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಿದ್ದಾರೆ. ಅದಕ್ಕೆ ಮುನ್ನ ಐದನೆಯ ತರಗತಿಯಿಂದ ಕಲಿಸುತ್ತಿದ್ದರು. ಹೀಗಿದ್ದರೂ ಹತ್ತನೆಯ ತರಗತಿಯನ್ನು ದಾಟಿ ಬಂದವರು ಸಂಜೆಯ ಪಾಠಕ್ಕೆ ಶುಲ್ಕ ಕೊಟ್ಟು ಮತ್ತೆ ಮೊದಲಿನಿಂದ ಕಲಿಯಬೇಕಾಗಿ ಬಂದಿರುವುದೇಕೆ? ಉಪಾಧ್ಯಾಯರಲ್ಲಿ ಶ್ರದ್ಧೆಯಿಲ್ಲವೆಂದು ಹೇಳಿಬಿಡುವುದು ಅನ್ಯಾಯವಾದೀತು. ಶಾಲೆಯಲ್ಲಿ ಪ್ರಶ್ನೆ ಕೇಳುವವನಿಗೆ ಉತ್ತರವು ಮೊದಲೇ ಗೊತ್ತಿರುತ್ತದೆ. ಉತ್ತರ ಹೇಳುವವನು ತಪ್ಪನ್ನು ಎಣಿಸುವ ಒಬ್ಬ ನ್ಯಾಯಾಧೀಶನ ಮುಂದೆ ನಿಂತಿರುತ್ತಾನೆ. ಅಂಗಡಿಯಲ್ಲಿ ಹಾಗಲ್ಲ. ಅಲ್ಲಿ ಕೇಳುವವನಿಗೆ ನಿಜವಾಗಿಯೂ ಉತ್ತರ ಬೇಕು. ವಾಕ್ಯವು ಕುಂಟಿದರೂ ಸೀರೆಯು ಮಡಿಕೆ ಬಿಚ್ಚಿ ಮುಂದೆ ಬಂದರೆ ಮಾತು ಸಫಲವಾಯಿತು. ಕೊಳ್ಳುವವನೂ ಮಾರುವವನೂ ಪರಸ್ಪರ ಅಪೇಕ್ಷೆಯುಳ್ಳವರಾದುದರಿಂದ ಅವರಲ್ಲಿ ಒಬ್ಬನು ಇನ್ನೊಬ್ಬನ ತಡವರಿಕೆಯನ್ನು ಸಹಿಸುತ್ತಾನೆ, ಮಾತು ಸಿಕ್ಕದಾಗ ತಾನೇ ಒದಗಿಸುತ್ತಾನೆ. ಈ ಸಹನೆಯು ಲಭಿಸುವ ಸ್ಥಳದಲ್ಲಿ ಭಾಷೆಯನ್ನು ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಪುಸ್ತಕದ ಅಂಗಡಿಯ ಬಗೆಗೆ ನನಗಿರುವ ಇನ್ನೊಂದು ಅತೃಪ್ತಿಯನ್ನೂ ಹೇಳಿಬಿಡುತ್ತೇನೆ. ಅದು ಬಹಳ ಮೌನವಾದ ಅಂಗಡಿ. ಅಲ್ಲಿ ಚೌಕಾಸಿಯಿಲ್ಲ, ಉದ್ರಿಯಿಲ್ಲ, ಬೆಳಗಿನ ಬೋಣಿಯ ಶುಭಾಶಯವಿಲ್ಲ, ತೂಗಿದ ಮೇಲೆ ಒಂದು ಹಿಡಿ ಹೆಚ್ಚಾಗಿ ಸುರಿಯುವ ಕೊಸರಿಲ್ಲ, ಕೊಳ್ಳುವವಳ ಮಗಳ ಮದುವೆ ಎಲ್ಲಿಗೆ ಬಂತೆಂಬ ವಿಚಾರಣೆಯಿಲ್ಲ. ಮಂಡಿಪೇಟೆಯ ವ್ಯಾಪಾರದಿಂದ ಇವನ್ನು ತೆಗೆದರೆ ಉಳಿಯುವುದು ತಕ್ಕಡಿ ಮಾತ್ರ. ಮುದ್ರಿತ ಬೆಲೆಯೂ, ಹಣ ಬಂದಿತೆಂದು ತಾನೇ ಕೂಗಿ ಹೇಳುವ ಪುಟ್ಟ ಯಂತ್ರವೂ ಚಿಕ್ಕ ಅಂಗಡಿಗಳಿಗೂ ಬಂದಿರುವ ಈ ಕಾಲದಲ್ಲಿ ಆ ಸಂಭಾಷಣೆಯು ತಾನಾಗಿಯೇ ಕ್ಷೀಣಿಸುತ್ತಿದೆ. ಇಂಗ್ಲಿಷಿನ ಪಾಠವೂ ಸೇರಿ ಅದನ್ನು ಮರೆಯಿಸಬಾರದು. ‘ಇಷ್ಟಕ್ಕೆ ನನಗೆ ಅಸಲೂ ಹುಟ್ಟುವುದಿಲ್ಲ’ ಎಂಬುದನ್ನೂ, ‘ಮುಂದಿನ ವಾರ ಕೊಡಿ, ಚಿಂತೆಯಿಲ್ಲ’ ಎಂಬುದನ್ನೂ, ‘ಹಳೆಯ ಬಾಕಿಯನ್ನು ದಯಮಾಡಿ ಜ್ಞಾಪಿಸಿಕೊಳ್ಳಿ’ ಎಂಬುದನ್ನೂ ಇಂಗ್ಲಿಷಿನಲ್ಲಿ ಸೌಜನ್ಯದಿಂದ ಹೇಳಲು ಬರುವವನಿಗೆ ಮಾತ್ರ ತನ್ನ ವ್ಯಾಪಾರವನ್ನು ಆ ಭಾಷೆಯಲ್ಲಿ ನಡೆಸಲು ಬಂದಂತಾಗುತ್ತದೆ.

ಕೊಳ್ಳುವವರ ಪಕ್ಷದಲ್ಲಿಯೂ ಕಲಿಯಬೇಕಾದುದು ಪುಸ್ತಕದಲ್ಲಿರುವುದಲ್ಲ. ಅಂಗಡಿಯ ನಾಮಫಲಕದಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡವಿರಬೇಕೆಂದು 2024ರ ತಿದ್ದುಪಡಿ ಕಾಯಿದೆಯು ವಿಧಿಸಿದೆ. ಆದರೆ ಒಳಗೆ ಹೋಗಿ ಕೊಂಡುಬಂದ ಮೇಲೆ ಕೈಗೆ ಸಿಕ್ಕುವ ರಸೀತಿಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುತ್ತದೆ. ಆ ಪಾಠಕ್ಕೆ ಬಂದಿದ್ದ ಗೃಹಿಣಿಯೊಬ್ಬರು ಮಿಕ್ಸರು ಕೊಂಡ ರಸೀತಿಯನ್ನು ತಂದಿದ್ದರು. ಅದರ ಕೆಳಗೆ, ಮಾರಿದ ಸರಕನ್ನು ಬದಲಾಯಿಸುವುದಿಲ್ಲ, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. 2019ರಲ್ಲಿ ಅಂಗೀಕೃತವಾಗಿ ಮರುವರ್ಷ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೋಷವುಳ್ಳ ಸರಕನ್ನು ರಸೀತಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ಆ ತಾಯಿಗೆ ಅಂಗಿಯನ್ನು ತೊಟ್ಟು ನೋಡಬಹುದೇ ಎಂದು ಕೇಳುವ ವಾಕ್ಯಕ್ಕಿಂತ, ವಾರಂಟಿ, ಡಿಫೆಕ್ಟ್, ರೀಪ್ಲೇಸ್‌ಮೆಂಟ್, ರೀಫಂಡ್ ಎಂಬ ನಾಲ್ಕು ಶಬ್ದಗಳ ಬಲವು ಎಷ್ಟೋ ಮಿಗಿಲಾದುದು. ರಸೀತಿಯನ್ನು ಕನ್ನಡದಲ್ಲಿಯೂ ಕೊಡುವುದು ವ್ಯಾಪಾರಿಗಳ ಧರ್ಮವೆಂಬುದರಲ್ಲಿ ನನಗೆ ಎರಡು ಅಭಿಪ್ರಾಯವಿಲ್ಲ. ಅದು ಆಗುವವರೆಗೆ ಆಕೆ ಕಾಯುತ್ತ ಕುಳಿತಿರಬೇಕೆಂದು ಹೇಳಲು ಮಾತ್ರ ನನಗೆ ಮನಸ್ಸಾಗದು.

ಮರುದಿನ ಹರಿಹರಕ್ಕೆ ಹೋದೆನು. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರಿನಷ್ಟು ದೂರ. ಬಸ್ಸಿನಲ್ಲಿ ಕುಳಿತು ಹೊರಗಿನ ಭತ್ತದ ಗದ್ದೆಗಳನ್ನು ನೋಡುತ್ತಿರುವಷ್ಟರಲ್ಲಿಯೇ ತುಂಗಭದ್ರೆಯ ತೀರವು ಬಂದುಬಿಡುತ್ತದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಳಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಒಂದೇ ವಿಗ್ರಹದಲ್ಲಿ ಶಿವಕೇಶವರು ಅರ್ಧಾರ್ಧವಾಗಿ ನಿಂತಿರುವುದನ್ನು ದರ್ಶನ ಮಾಡಿ, ಪ್ರಾಕಾರದ ಶಾಸನಶಿಲೆಗಳ ನಡುವೆ ಸ್ವಲ್ಪ ಹೊತ್ತು ಕುಳಿತೆನು. ಆ ಕಾಲದ ಕನ್ನಡನಾಡಿನ ವರ್ತಕರ ನೆನಪು ಬಂದಿತು. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರ ಸಂಘವು ತನ್ನ ಸದಸ್ಯರನ್ನು ನಾನಾದೇಶಿಗಳೆಂದು ಕರೆದುಕೊಂಡಿತ್ತು. ಅದೇ ಐನೂರ್ವರ ಹೆಸರಿನ 1088ರ ತಮಿಳು ಶಾಸನವೊಂದು ಕಡಲಾಚೆ ಸುಮಾತ್ರ ದ್ವೀಪದ ಬಾರುಸ್ ಎಂಬಲ್ಲಿ ದೊರೆತಿದೆ. ವ್ಯಾಪಾರವು ಯಾವ ನುಡಿಯನ್ನು ಬೇಡಿತೋ ಆ ನುಡಿಯಲ್ಲಿ ಬರೆದು, ಮನೆಗೆ ಬಂದು ತಮ್ಮ ನುಡಿಯಲ್ಲಿ ಬಾಳಿದವರು ಅವರಿರಬೇಕೆಂದು ನನಗೆ ತೋರಿತು. ಇಂಗ್ಲಿಷನ್ನು ಕಲಿತರೆ ಕನ್ನಡವು ಸೊರಗೀತೆಂಬ ಕಳವಳವನ್ನು ನಾನು ಹಗುರವಾಗಿ ಕಾಣುವವನಲ್ಲ. ಶಾಲೆಯ ಮಾಧ್ಯಮದ ಪ್ರಶ್ನೆಯಲ್ಲಿ ನಾನು ಕನ್ನಡದ ಪಕ್ಷದವನು. ಆದರೆ ಅಂಗಡಿಯ ಕಟ್ಟೆಯ ಮೇಲೆ ದುಡಿಯುವವನು ಕಲಿಯುವ ಇಂಗ್ಲಿಷಿನಿಂದ ಆ ಅಪಾಯವಿದೆಯೆಂದು ನನಗೆ ತೋರುವುದಿಲ್ಲ.

ಹರಿಹರದಲ್ಲಿ ಇಂಗ್ಲಿಷಿನ ದಾರಿಯೇ ಬೇರೆ. 1865ರವರೆಗೆ ಊರಿನ ಸಮೀಪದಲ್ಲಿ ದೇಶೀಯ ಸೈನಿಕರ ಪಡೆಯೊಂದರ ಬಿಡಾರವಿತ್ತು. ತುಂಗಭದ್ರೆಯ ಕಲ್ಲಿನ ಕಮಾನುಗಳ ಸೇತುವೆಯು 1868ರಲ್ಲಿ ಮುಗಿದು ಬೆಂಗಳೂರಿಗೂ ಧಾರವಾಡಕ್ಕೂ ಹಾದಿಯಾಯಿತು. ಆ ಶತಮಾನದಲ್ಲಿ ಭಾಷೆ ಕಲಿಯುವ ತೊಂದರೆಯು ಆಳುವವರದಾಗಿತ್ತು: ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಅವರ ಇಂಗ್ಲಿಷು–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷು ನಿಘಂಟು 1832ರಲ್ಲಿಯೂ ಹೊರಬಂದುದು ಬಹುಮಟ್ಟಿಗೆ ಅವರ ಅನುಕೂಲಕ್ಕಾಗಿ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಆರಂಭವಾಗಿ ಯಂತ್ರಾಪುರವೆಂಬ ಬಡಾವಣೆಯು ಎದ್ದ ಮೇಲೆ, ಹೊಳೆಯ ಆಚೆಯ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆಯೂ ಬಂದ ಮೇಲೆ, ಇಂಗ್ಲಿಷು ಕಬ್ಬಿಣದ ಜೊತೆಯಲ್ಲಿ ಕಾರ್ಮಿಕರ ಕೈಗೆ ಬಂದಿತು. ಲೇತು, ಚಕ್ಕು, ಬೆಡ್ಡು, ಗೇರು, ಸ್ಪಿಂಡಲು ಎಂಬುವು ಇಲ್ಲಿಯ ಮನೆಗಳಲ್ಲಿ ಮಕ್ಕಳು ಕೇಳುತ್ತ ಬೆಳೆದ ಮಾತುಗಳು. ದೇಶದ ನಾನಾ ಕಡೆಗೆ ಲೇತುಗಳನ್ನು ಕಳುಹಿಸಿದ ಆ ಕಾರ್ಖಾನೆಯು ಬಾಗಿಲು ಮುಚ್ಚಿ ವರುಷಗಳೇ ಆದುವು. ಅಲ್ಲಿ ಕಸಬು ಕಲಿತವರು ಸಣ್ಣ ಕಮ್ಮಟಗಳನ್ನೂ ಬಿಡಿಭಾಗಗಳ ಅಂಗಡಿಗಳನ್ನೂ ಇಟ್ಟುಕೊಂಡು ಜೀವನ ನಡೆಸಿದರು.

ಅಂಥದೊಂದು ಅಂಗಡಿಯಲ್ಲಿ ಮಧ್ಯಾಹ್ನವನ್ನು ಕಳೆದೆನು. ಯಜಮಾನರು ಅರವತ್ತು ದಾಟಿದವರು. ಕನ್ನಡ ಶಾಲೆಯಲ್ಲಿ ಓದಿ ಎಳೆಯ ವಯಸ್ಸಿನಲ್ಲಿಯೇ ಕಾರ್ಖಾನೆಗೆ ಸೇರಿದವರು. ನಾನು ಕುಳಿತಿರುವಾಗ ಹೊರರಾಜ್ಯದ ವ್ಯಾಪಾರಿಯೊಬ್ಬನ ದೂರವಾಣಿಯ ಕರೆ ಬಂದಿತು. “ಸರ್, ಮೆಟೀರಿಯಲ್ ರೆಡಿ. ಪೇಮೆಂಟ್ ಟುಡೇ, ಡಿಸ್ಪ್ಯಾಚ್ ಟುಡೇ” ಎಂದರು, ಅತ್ತಣವನು ಏನನ್ನೋ ಹೇಳಿದನು, “ನೋ ಸರ್, ಓಲ್ಡ್ ರೇಟ್ ಫಿನಿಷ್” ಎಂದು ಮುಗಿಸಿದರು. ಈ ಮಾತಿನಲ್ಲಿ ಒಂದು ಶಬ್ದವೂ ವ್ಯರ್ಥವಾಗಿಲ್ಲ. ಕೇಳಿದವನಿಗೆ ಸಂದೇಹಕ್ಕೂ ಎಡೆಯಿಲ್ಲ. ಇದನ್ನು ಕೇಳಿ ನಗುವವರನ್ನು ನಾನು ವಿದ್ಯಾವಂತರೆಂದು ಎಣಿಸಲಾರೆ.

ಆದರೂ ಇದಕ್ಕೆ ಒಂದು ಎಲ್ಲೆಯುಂಟೆಂದು ಅವರೇ ಹೇಳಿದರು. “ಫೋನಿನ್ಯಾಗ ಹೆಂಗೋ ನಡೀತದ್ರಿ. ಬರ‍್ಯಾಕ ಬಂತೂ ಅಂದ್ರ ಕೈ ಕಟ್ಟಿ ಹಾಕಿದಂಗ ಆಗತದ” ಎಂದು ಮೇಜಿನ ಕೆಳಗಿನಿಂದ ಬೇರಿಂಗುಗಳ ಪೆಟ್ಟಿಗೆಯೊಂದನ್ನು ತೆಗೆದರು. ಪರಸ್ಥಳದ ಸರಬರಾಜುದಾರನೊಬ್ಬನು ಕಳುಹಿಸಿದ ಆ ಸರಕಿನಲ್ಲಿ ಹಲವು ದೋಷವುಳ್ಳವಾಗಿದ್ದುವು. ಲಿಖಿತ ದೂರನ್ನು ಕಳುಹಿಸಿದರೆ ಬದಲಾಯಿಸಿಕೊಡುತ್ತೇನೆಂದು ಅವನು ಹೇಳಿದ್ದನು. ಇವರು ಬರೆಯಲಾರದೆ ನಷ್ಟವನ್ನು ನುಂಗಿಕೊಳ್ಳಲು ಸಿದ್ಧರಾಗಿದ್ದರು. ಮಗನಿದ್ದಾನೆ, ಬೆಂಗಳೂರಿನಲ್ಲಿ, ಚಿಕ್ಕ ವಿಷಯಕ್ಕೆಲ್ಲ ಅವನನ್ನು ಕೇಳುವುದು ಇವರಿಗೆ ಇಷ್ಟವಿಲ್ಲ.

ನಾವಿಬ್ಬರೂ ಅಲ್ಲಿಯೇ ಕುಳಿತು ಆ ಪತ್ರವನ್ನು ಬರೆದೆವು. ಹೇಳಬೇಕಾದುದನ್ನು ಅವರು ಕನ್ನಡದಲ್ಲಿ ಹೇಳಿದರು: ಸರಕು ಯಾವ ತಾರೀಖಿನದು, ಬಿಲ್ಲಿನ ಸಂಖ್ಯೆ ಯಾವುದು, ಎಷ್ಟು ಬೇರಿಂಗುಗಳಲ್ಲಿ ಯಾವ ದೋಷ, ಏನು ಮಾಡಿಕೊಡಬೇಕು. ನಾನು ಚಿಕ್ಕ ಚಿಕ್ಕ ಇಂಗ್ಲಿಷು ವಾಕ್ಯಗಳಲ್ಲಿ ಅದನ್ನಿಟ್ಟೆನು. ಅವರು ಒಂದೊಂದನ್ನೂ ಗಟ್ಟಿಯಾಗಿ ಓದಿ, ಅರ್ಥ ಕೇಳಿ, ಒಪ್ಪಿದ ಮೇಲೆ ತಮ್ಮ ಕೈಯಿಂದಲೇ ಪ್ರತಿ ಮಾಡಿಕೊಂಡರು. ಬದಲಾಯಿಸಿಕೊಡದಿದ್ದರೆ ಹಣವನ್ನು ಹಿಂದಿರುಗಿಸತಕ್ಕದ್ದೆಂದು ನಾನು ಬರೆದಿದ್ದ ಕೊನೆಯ ವಾಕ್ಯಕ್ಕೆ ಬಂದಾಗ ಲೇಖನಿಯನ್ನು ಕೆಳಗಿಟ್ಟರು. “ಇಷ್ಟು ಬಿರುಸು ಬ್ಯಾಡ್ರಿ. ಹದಿನೈದು ವರ್ಷದಿಂದ ಮಾಲು ಕೊಡಾಕ ಹತ್ಯಾನ. ಬದಲಿ ಕೊಡು ಅನ್ನೋದು ಇರಲಿ, ಅದರ ಕೆಳಗ ಮುಂದಿನ ಆರ್ಡರೂ ನಿನಗ ಕೊಡ್ತೀನಿ ಅಂತ ಬರೀರಿ” ಎಂದರು. ಹಾಗೆಯೇ ಬರೆದೆವು. ಅವರು ಅದನ್ನು ಮತ್ತೊಮ್ಮೆ ಓದಿ, ಮೊಹರು ಹಾಕಿ, ಮೊಬೈಲಿನಲ್ಲಿ ಚಿತ್ರ ತೆಗೆದು ಆ ಸರಬರಾಜುದಾರನಿಗೆ ಕಳುಹಿಸಿ, ಪ್ರತಿಯನ್ನು ಬಿಲ್ಲಿನ ಕಡತದಲ್ಲಿ ಸೇರಿಸಿದರು. ಆ ಮೇಲೆ ಹೊಸ ಹಾಳೆಯೊಂದನ್ನು ನನ್ನ ಮುಂದಿಟ್ಟು, ಹಳೆಯ ಬಾಕಿಯನ್ನು ಕೇಳುವ ಪತ್ರವನ್ನೂ ಈಗಲೇ ಬರೆದುಬಿಡೋಣವೆಂದರು.